ಫ್ಯಾಟನ್ ಇದೆ, ಥಿನ್ನನ್ ಯಾಕಿಲ್ಲ?

ಇಂಗ್ಲಿಷ್‌ಗೆ ತಲೆಬುಡ ಇಲ್ಲ, ಸುಮ್ನೆ ಬಾಯಿಪಾಠ ಮಾಡಬೇಕು ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ಫ್ಯಾಟನ್ ಅನ್ನುವ ಒಂದೇ ಪದ ತಗೊಳ್ಳಿ. ದಪ್ಪ ಮಾಡು, ಕೊಬ್ಬಿಸು ಅಂತ ಅರ್ಥ. ಫ್ಯಾಟ್‌ಗೆ ‘ಅನ್’ ಸೇರಿಸಿದರೆ ಕ್ರಿಯಾಪದ ರೆಡಿ. ಹಾಗಾದರೆ ತೆಳ್ಳಗೆ ಮಾಡುವುದಕ್ಕೆ ಥಿನ್ನನ್ ಅನ್ನಬೇಕು ಅಲ್ವಾ? ಅನ್ನುವಂತಿಲ್ಲ. ಥಿನ್ ಹಾಗೇ ಕ್ರಿಯಾಪದವಾಗುತ್ತದೆ. ಪೇಂಟ್ ಅಂಗಡಿಯ ಥಿನ್ನರ್ ಹುಟ್ಟಿದ್ದೂ ಅದರಿಂದಲೇ.

ಗುಟ್ಟಿರುವುದು ಪದದ ಕೊನೆಯ ಸದ್ದಿನಲ್ಲಿ. ಟ, ಡ, ಕ, ಪ ತರಹ ಉಸಿರು ತಡೆಯುವ ಸದ್ದೋ, ಫ, ಸ ತರಹ ಉಜ್ಜುವ ಸದ್ದೋ ಇದ್ದರೆ ಮಾತ್ರ ಈ ‘ಅನ್’ ಅಂಟುತ್ತದೆ. ಬ್ಲ್ಯಾಕನ್, ವೈಟನ್, ರೆಡನ್ ಉಂಟು. ಗ್ರೀನನ್, ಬ್ರೌನನ್ ಇಲ್ಲ. ಡೀಪನ್, ಲೂಸನ್, ಟಫನ್ ಉಂಟು. ಸ್ಲಿಮ್, ಕೂಲ್, ಕ್ಲಿಯರ್, ಸ್ಲೋ ಮಾತ್ರ ಬರಿಗೈಲೇ ಕ್ರಿಯಾಪದ. ಲಾಂಗ್, ಸ್ಟ್ರಾಂಗ್ ಮೂಗಿನ ಸದ್ದಿನಲ್ಲಿ ಮುಗಿಯುತ್ತವೆ. ಹಾಗಾಗಿ ಲೆಂಗ್ತ್, ಸ್ಟ್ರೆಂಗ್ತ್ ಅಂತ ಸುತ್ತಿ ಬಳಸಿ ಬಂದು ಲೆಂಗ್ತನ್, ಸ್ಟ್ರೆಂಗ್ತನ್ ಆಗುತ್ತವೆ. ಕೊನೆಯಲ್ಲಿ ಟ ಇದ್ದೂ ‘ಅನ್’ ಬೇಡ ಅನ್ನುವ ಹಾಟ್, ವೆಟ್‌ನಂಥ ಹಟಮಾರಿಗಳೂ ಇವೆ, ಇರಲಿ ಬಿಡಿ. ಇಷ್ಟನ್ನು ಹೇಳಲು ಮೇಷ್ಟ್ರಿಗೆ ಐದು ನಿಮಿಷ ಸಾಕು. ನಮ್ಮ ಕಾಲದಲ್ಲಿ ಯಾರೂ ಹೇಳಲಿಲ್ಲ. ಪಟ್ಟಿ ಕೊಟ್ಟು ಉರು ಹೊಡೆಸಿದರು.

ಹಿಂದೆ ಫ್ಯಾಟ್ ಕೂಡ ಒಂಟಿಯಾಗಿಯೇ ಕ್ರಿಯಾಪದವಾಗಿತ್ತು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ, ಮನೆ ಬಿಟ್ಟು ಹೋಗಿದ್ದ ಮಗ ವಾಪಸ್ ಬಂದಾಗ ಅಪ್ಪ ಕೊಯ್ಯಿಸುವುದು ‘ಫ್ಯಾಟೆಡ್ ಕಾಫ್’, ಅಂದರೆ ಮೇಯಿಸಿ ಕೊಬ್ಬಿಸಿದ ಕರು. ಇವತ್ತಿಗೂ ಇಂಗ್ಲಿಷಿನವರು ಆ ನುಡಿಗಟ್ಟನ್ನು ಹಾಗೇ ಬಳಸುತ್ತಾರೆ, ಫ್ಯಾಟನ್ಡ್ ಅಂತ ತಿದ್ದುವುದು ಕಡಿಮೆ.

ಡಯಟ್ ಮಾತು ಬಂದಾಗ ನಮ್ಮವರು ಎಡವುವುದು ಇನ್ನೊಂದು ಕಡೆ. ಫ್ಯಾಟಿ ಅಂದರೆ ಕೊಬ್ಬಿರುವ ಪದಾರ್ಥ. ಫ್ಯಾಟನಿಂಗ್ ಅಂದರೆ ತಿಂದವರನ್ನು ದಪ್ಪ ಮಾಡುವಂಥದ್ದು. ಸಕ್ಕರೆಯಲ್ಲಿ ಕೊಬ್ಬೇ ಇಲ್ಲ, ಆದರೂ ಜಾಸ್ತಿ ತಿಂದರೆ ಫ್ಯಾಟನಿಂಗ್!

ಇನ್ನು, ಈ ಕ್ರಿಯಾಪದಕ್ಕೆ ಕೊಟ್ಟಿಗೆಯ ವಾಸನೆ ಇನ್ನೂ ಹೋಗಿಲ್ಲ. ದನ, ಹಂದಿ, ಕೋಳಿಗಳನ್ನು ಮಾಂಸಕ್ಕೆ ತಯಾರು ಮಾಡುವಾಗಿನ ಮಾತು ಅದು. ನಮ್ಮಲ್ಲಿ ಟಗರು ಕೊಬ್ಬಿಸ್ತಾರಲ್ಲ, ಹಾಗೆ. ಮನುಷ್ಯರಿಗೆ ಬಳಸಿದರೆ ತಮಾಷೆ. ಊರಿಗೆ ಹೋದಾಗ ಅಜ್ಜಿ ತುಪ್ಪ ಸುರಿದು ಸುರಿದು ಫ್ಯಾಟನ್ ಮಾಡಿದರು ಅಂತ ಗೆಳೆಯರಿಗೆ ಬರೆಯಿರಿ, ನಗುತ್ತಾರೆ. ಅಳಿಯನ ಬಗ್ಗೆ ಬೀಗರಿಗೆ ಬರೆಯುವಾಗ ಮಾತ್ರ ಸ್ವಲ್ಪ ಯೋಚನೆ ಮಾಡಿ.