ಮೂರಕ್ಕೆ ಮೂರು ಇಟ್ಟರೆ ಎಳೆ ಒಡೆಯುತ್ತದೆ

ಕಳೆದ ವಾರ ಒಂದು ಚಿತ್ರಕಲಾ ಪ್ರದರ್ಶನಕ್ಕೆ ಹೋಗಿದ್ದೆ. ಗೋಡೆಯ ತುಂಬ ಚೌಕಗಳು, ವೃತ್ತಗಳು, ಒಂದರೊಳಗೊಂದು ಹೆಣೆದುಕೊಂಡ ರೇಖೆಗಳು. ಚೆನ್ನಾಗಿದ್ದವು, ಒಂದೆರಡರ ಮುಂದೆ ಬಹಳ ಹೊತ್ತು ನಿಂತೆ. ಚಿತ್ರಗಳನ್ನು ಪರಿಚಯಿಸುತ್ತಿದ್ದವರು, ಜ್ಯಾಮಿತೀಯ ಅಮೂರ್ತ ಕಲೆ ನೂರು ವರ್ಷದ ಹಿಂದೆ ಯುರೋಪಿನಲ್ಲಿ ಹುಟ್ಟಿತು, ನಮ್ಮ ಜನಕ್ಕೆ ಅದನ್ನು ನೋಡುವ ಕಣ್ಣು ಇನ್ನೂ ಬಂದಿಲ್ಲ ಎಂದರು. ಅಲ್ಲಿ ಏನೂ ಹೇಳಲಿಲ್ಲ. ಆದರೆ ಆ ಮಾತು ಅಂದಿನಿಂದ ಕೊರೆಯುತ್ತಿದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮದುವೆಯಾಗಿ ಬಂದ ವರ್ಷ, ಧನುರ್ಮಾಸದ ಒಂದು ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಕುಳಿತಿದ್ದೆ. ಮೂರು ಸಾಲು, ಸಾಲಿಗೆ ಮೂರು ಚುಕ್ಕಿ. ಚುಕ್ಕಿಯನ್ನು ಮುಟ್ಟದೆ ಅದರ ಸುತ್ತ ಬಳಸಿಕೊಂಡು ಹೋಗುವ ಎಳೆ ರಂಗೋಲಿ ಅದು. ಅತ್ತೆ ನೋಡಿ, “ಮೂರಕ್ಕೆ ಮೂರು ಬೇಡಮ್ಮಾ, ಎಳೆ ಒಡೆಯುತ್ತದೆ. ಸಾಲಿಗೆ ಇನ್ನೊಂದೊಂದು ಇಡು” ಎಂದರು. ಇಟ್ಟೆ. ಅವರು ಮೂಲೆಯ ಚುಕ್ಕಿಯಿಂದ ಶುರು ಮಾಡಿದರು. ಹೆಬ್ಬೆರಳು, ತೋರುಬೆರಳಿನ ನಡುವಿನಿಂದ ಪುಡಿ ಒಂದೇ ಸಮನೆ ಇಳಿಯುತ್ತಿತ್ತು. ಎಳೆ ಎರಡು ಚುಕ್ಕಿಗಳ ನಡುವೆ ಓರೆಯಾಗಿ ನುಸುಳಿತು, ಅಂಚಿಗೆ ಬಂದಾಗಲೆಲ್ಲ ಹೊರಗಿನ ಚುಕ್ಕಿಯನ್ನು ಬಳಸಿ ಒಳಗೆ ತಿರುಗಿತು. ತನ್ನನ್ನು ತಾನೇ 17 ಕಡೆ ದಾಟಿ, 12 ಚುಕ್ಕಿಗಳನ್ನೂ ಸುತ್ತಿ, ಹೊರಟಲ್ಲಿಗೇ ಬಂದು ಸೇರಿತು. ಕೈ ಎಲ್ಲೂ ನಿಲ್ಲಲಿಲ್ಲ.

ಅಂದು ಶಾಲೆಯಲ್ಲಿ ಬಿಡುವಿನ ಪೀರಿಯಡ್‌ನಲ್ಲಿ ಹಾಳೆಯ ಮೇಲೆ ಬರೆದು ನೋಡಿದೆ. ಮೂರಕ್ಕೆ ಮೂರು ಇಟ್ಟರೆ ನಿಜಕ್ಕೂ ಬೇರೆ ಬೇರೆ ಮೂರು ಎಳೆಗಳು. ಮೂರಕ್ಕೆ ಐದು ಇಟ್ಟರೆ ಒಂದೇ ಎಳೆ. ನಾಲ್ಕಕ್ಕೆ ಆರು ಇಟ್ಟರೆ ಎರಡು. ಆರಕ್ಕೆ ಒಂಬತ್ತು ಇಟ್ಟಾಗ ಮತ್ತೆ ಮೂರು. ಮೈ ಜುಮ್ಮೆಂದಿತು. ನಾನು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಮ.ಸಾ.ಅ. ನಮ್ಮ ಹೊಸಿಲಿನ ಮುಂದೆ ದಿನಾ ಬಿದ್ದಿರುತ್ತಿತ್ತು! ಸಾಲುಗಳ ಸಂಖ್ಯೆಗೂ ಸಾಲಿನ ಚುಕ್ಕಿಗಳ ಸಂಖ್ಯೆಗೂ ಇರುವ ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಎಷ್ಟೋ ಅಷ್ಟು ಎಳೆಗಳು. ನಂಬಿಕೆ ಬರದಿದ್ದರೆ ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಅಕ್ಕಪಕ್ಕದ ಅಥವಾ ಮೇಲೆ ಕೆಳಗಿನ ಪ್ರತಿ ಎರಡು ಚುಕ್ಕಿಗಳ ನಡುವೆಯೂ ಎಳೆಗಳು ದಾಟಬೇಕು, ಅಷ್ಟೇ ನಿಯಮ.

ಆಮೇಲೆ ತಿಳಿಯಿತು, ಆಫ್ರಿಕಾದ ಅಂಗೋಲಾದಲ್ಲಿ ಚೋಕ್ವೆ ಜನ ಮರಳಿನ ಮೇಲೆ ಚುಕ್ಕಿ ಇಟ್ಟು, ಬೆರಳಿನಿಂದ ಇಂಥದ್ದೇ ಎಳೆಗಳನ್ನು ಬರೆಯುತ್ತಾರೆ. ಅದಕ್ಕೆ ಸೋನ ಎನ್ನುತ್ತಾರೆ. ಗಣಿತಜ್ಞ ಪಾಲಸ್ ಗೆರ್ಡೆಸ್ ಅದನ್ನು ಅಭ್ಯಾಸ ಮಾಡಿ ಇದೇ ಮ.ಸಾ.ಅ. ನಿಯಮವನ್ನು ವಿವರಿಸಿದ್ದಾರೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು 1970ರ ದಶಕದಲ್ಲೇ ತಮಿಳುನಾಡಿನ ಕೋಲಂಗಳನ್ನು, ಅಂದರೆ ಅಲ್ಲಿನ ರಂಗೋಲಿಗಳನ್ನು, ಕಂಪ್ಯೂಟರ್ ವಿಜ್ಞಾನದಲ್ಲಿ ನಿಯಮಗಳಿಂದ ಚಿತ್ರ ಕಟ್ಟುವ ಚಿತ್ರಭಾಷೆಗಳ ಅಧ್ಯಯನಕ್ಕೆ ತೆಗೆದುಕೊಂಡಿದ್ದರು.

ನಮ್ಮ ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎನ್ನುವವರ ಸಾಲಿಗೆ ದಯವಿಟ್ಟು ನನ್ನನ್ನು ಸೇರಿಸಬೇಡಿ. ಪ್ರಮೇಯವೇ ಬೇರೆ, ಕೈಗೆ ಒಲಿದ ತಿಳಿವೇ ಬೇರೆ. ಅತ್ತೆ ಸಾಧಿಸಿ ತೋರಿಸಿರಲಿಲ್ಲ. ಆದರೆ ಯಾವ ಲೆಕ್ಕದ ಚುಕ್ಕಿ ಇಟ್ಟರೆ ಎಳೆ ಕೂಡುತ್ತದೆ, ಯಾವುದಕ್ಕೆ ಒಡೆಯುತ್ತದೆ ಎಂಬುದು ಅವರಿಗೆ ಪುಡಿ ಕೈಗೆತ್ತಿಕೊಳ್ಳುವ ಮೊದಲೇ ಕಾಣುತ್ತಿತ್ತು. ಅಮೂರ್ತವನ್ನು ನೋಡುವ ಕಣ್ಣು ಎಂದರೆ ಇದಲ್ಲದೆ ಇನ್ನೇನು? ಇದನ್ನು ಅಲಂಕಾರ, ಹೆಂಗಸರ ಬೆಳಗಿನ ಕೆಲಸ ಎಂದು ಬದಿಗೆ ಸರಿಸಿರುವುದು ನನಗೆ ಸಹಿಸಲಾಗದ ಸಂಗತಿ.

ಯುರೋಪಿನವರ ಬಗ್ಗೆ ನನಗೆ ಗೌರವವಿದೆ. ಡಚ್ ಚಿತ್ರಕಾರ ಪೀಟ್ ಮೊಂಡ್ರಿಯಾನ್ 1911ರಲ್ಲಿ ಬರೆದ ಬೂದು ಬಣ್ಣದ ಮರವನ್ನೂ ಮುಂದಿನ ವರ್ಷದ ಹೂಬಿಟ್ಟ ಸೇಬಿನ ಮರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೊಂಬೆಗಳು ಕರಗುತ್ತಾ ಬರೀ ಬಾಗುಗೆರೆಗಳಾಗುತ್ತವೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಪ್ಪು ಗೆರೆ, ಕೆಂಪು, ನೀಲಿ, ಹಳದಿ ಚೌಕಗಳಷ್ಟೇ ಉಳಿಯುತ್ತವೆ. ಮರದಿಂದ ಹೊರಟು ಗೆರೆಗೆ ಬಂದವರು ಅವರು. ರಂಗೋಲಿಯದು ಎದುರು ದಾರಿ. ಚುಕ್ಕಿಯ ಲೆಕ್ಕದಿಂದ ಹೊರಟು ಹೂವಿಗೆ, ಬಳ್ಳಿಗೆ, ಹಕ್ಕಿಗೆ ಬರುತ್ತದೆ. ಏಳರಿಂದ ನಾಲ್ಕು, ಮಧ್ಯ ಚುಕ್ಕಿ ಎನ್ನುತ್ತೇವಲ್ಲ: ನಡುವಿನ ಸಾಲಿಗೆ 7, ಎರಡೂ ಬದಿಗೆ 6, 5, 4. ಒಟ್ಟು 37 ಚುಕ್ಕಿ. ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಚುಕ್ಕಿ ಕೂರುವುದರಿಂದ ಒಳಗಿನ ಪ್ರತಿ ಚುಕ್ಕಿಗೂ ಆರು ನೆರೆಯವರು. ಅದಕ್ಕೇ ಅಲ್ಲಿ ಅರಳುವ ಹೂವಿಗೆ ಆರು ಎಸಳು. ಜೇನುಹುಟ್ಟಿನ ಕೋಣೆಗೂ ಸುತ್ತ ಆರೇ ಕೋಣೆಗಳು. ಚುಕ್ಕಿಯ ಕೆಳಗೆ ನೇರ ಚುಕ್ಕಿ ಇಟ್ಟು ನೋಡಿ, ಹೂವು ನಾಲ್ಕು ಎಸಳಿಗೆ ಇಳಿಯುತ್ತದೆ.

ಅತ್ತೆಯ ಹತ್ತಿರ ಹಳೆಯ ಡೈರಿಯೊಂದಿದೆ, ಪುಟಪುಟವೂ ರಂಗೋಲಿ. ಪ್ರದರ್ಶನದಿಂದ ಬಂದ ದಿನ ಅದನ್ನು ಮತ್ತೆ ತೆರೆದೆ. ಆರಕ್ಕೆ ಒಂಬತ್ತರದ್ದು ಅದರಲ್ಲಿದೆ, ಮೂರು ಬಣ್ಣದ ಪೆನ್ನಿನಲ್ಲಿ. ಇದೇಕೆ ಹೀಗೆ ಎಂದು ಕೇಳಿದೆ. “ಅದು ಒಡೆಯುವ ಲೆಕ್ಕವೇ. ಒಡೆದರೆ ಏನಂತೆ, ಒಂದೊಂದು ಎಳೆಗೆ ಒಂದೊಂದು ಬಣ್ಣ ತುಂಬಿದೆ” ಎಂದರು.