ಏಳನೇ ತರಗತಿಯ ಮೊದಲ ಅವಧಿ

ಹಿರಿಯ ಪ್ರಾಥಮಿಕ ಶಾಲಾ ಶಿಕ್ಷಕರ ದಿನಚರಿ ಕುರಿತು ನಾನು ಓದಿದ ಲೇಖನವೊಂದು ಪಾಠದ ಅವಧಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದೆ ಎಂಬುದು ನನ್ನ ಆಕ್ಷೇಪ. ಏಳನೇ ತರಗತಿಗೆ ಗಣಿತ ಕಲಿಸುವ ನಾನು ಹಾಜರಿ ಕರೆದು, ಹಾಲು ಕುಡಿಯದ ಮಕ್ಕಳನ್ನು ವಿಚಾರಿಸಿ, ಬಿಸಿಯೂಟದ ಸಂಖ್ಯೆಯನ್ನು ಬರೆದುಕೊಟ್ಟು ಕರಿಹಲಗೆಯತ್ತ ತಿರುಗುವಷ್ಟರಲ್ಲಿ ಮೊದಲ ಅವಧಿಯ ಕಾಲುಭಾಗ ಕಳೆದಿರುತ್ತದೆ. ಭಿನ್ನರಾಶಿಗಳನ್ನು ಕೂಡುವಾಗ ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಸೇರಿಸಿಬಿಡುವ ಮಕ್ಕಳು ಪ್ರತಿವರ್ಷವೂ ಇರುತ್ತಾರೆ. ಕಾಗದದ ಪಟ್ಟಿಯನ್ನು ಮಡಚಿ, ಅರ್ಧಕ್ಕೆ ಕಾಲು ಸೇರಿದರೆ ಮುಕ್ಕಾಲಾಗುವುದನ್ನು ಅವರಿಗೆ ಕಣ್ಣಾರೆ ತೋರಿಸದೆ ಮುಂದಿನ ಪಾಠಕ್ಕೆ ಹೋಗುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಎಂಟನೇ ತರಗತಿಗಳಲ್ಲಿ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕರಿರಬೇಕೆಂದು ಹೇಳುತ್ತದೆ. ಆದರೆ ಸಹೋದ್ಯೋಗಿ ರಜೆಯಲ್ಲಿದ್ದ ದಿನ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದಾಗ, ಹಿಂದಿನ ಸಾಲಿನ ಹುಡುಗಿಯ ಸಂದೇಹ ನನ್ನವರೆಗೆ ತಲುಪುವುದೇ ಇಲ್ಲ.