8 ಜಿಬಿ ಯಾರಿಗೆ ಸಾಕು?
"ಮನೆಗೂ ವ್ಯವಹಾರಕ್ಕೂ 8 ಜಿಬಿ ರ‍್ಯಾಮ್ ಧಾರಾಳ" ಎಂದು ಅಗ್ಗದ ಲ್ಯಾಪ್‌ಟಾಪ್ ಒಂದರ ವಿಮರ್ಶಾ ಲೇಖನ ಹೇಳಿದ ಮಾತನ್ನು ಒಪ್ಪಲಾರೆ. ರ‍್ಯಾಮ್ ಎಂದರೆ ತೆರೆದಿರುವ ಕೆಲಸಗಳನ್ನು ಕಂಪ್ಯೂಟರ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ. ಇಂಥ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ಮೆಮೊರಿ ಇರುವುದಿಲ್ಲ. ಗ್ರಾಫಿಕ್ಸ್ ಕೂಡ ಈ 8 ಜಿಬಿಯಲ್ಲೇ ಪಾಲು ಕೇಳುತ್ತದೆ. ದೊಡ್ಡದೊಂದು ಎಕ್ಸೆಲ್ ಕಡತ, ಬ್ರೌಸರ್‌ನಲ್ಲಿ ಹತ್ತಿಪ್ಪತ್ತು ಟ್ಯಾಬ್, ಜೊತೆಗೆ ವಿಡಿಯೊ ಸಭೆ ತೆರೆದು ನೋಡಿ, ಟೈಪ್ ಮಾಡಿದ ಅಕ್ಷರ ಪರದೆಗೆ ಬರಲು ಮೀನಮೇಷ ಎಣಿಸುತ್ತದೆ. ರ‍್ಯಾಮ್ ಅನ್ನು ಮುಖ್ಯ ಫಲಕವಾದ ಮದರ್‌ಬೋರ್ಡ್‌ಗೆ ಬೆಸೆದಿದ್ದಾರೋ, ಇನ್ನಷ್ಟು ಸೇರಿಸಲು ಖಾಲಿ ಸ್ಲಾಟ್ ಇದೆಯೋ ಎಂಬುದನ್ನು ಲೇಖಕರು ಹೇಳಲೇ ಇಲ್ಲ. ಬೆಸೆದಿದ್ದು, ಖಾಲಿ ಸ್ಲಾಟ್ ಕೂಡ ಇಲ್ಲದಿದ್ದರೆ ಮುಂದೆ ಹೆಚ್ಚಿಸುವ ಮಾತೇ ಇಲ್ಲ. ಬಣ್ಣ, ಹೊಳಪಿನ ವರ್ಣನೆಗೆ ಬದಲು ಇದೊಂದು ಸಾಲು ಬರೆಯಬಹುದಿತ್ತು. ಕೀಲಿಮಣೆಯ ಬಲಬದಿಯ ಪ್ರತ್ಯೇಕ ಸಂಖ್ಯಾ ಕೀಲಿಗಳನ್ನು ಹೊಗಳಿದ್ದು ಸರಿಯೇ, ಬಿಲ್ ಬರೆಯುವವರಿಗೆ ಅದು ವರ. ಆದರೆ ಅದಕ್ಕಾಗಿ ಅಕ್ಷರದ ಕೀಲಿಗಳು ಎಡಕ್ಕೆ ಸರಿಯುತ್ತವೆ. ಟಚ್‌ಪ್ಯಾಡ್ ನಟ್ಟನಡುವೆ ಉಳಿದರೆ ಬಲ ಅಂಗೈ ತಾಗಿ ಕರ್ಸರ್ ಎಲ್ಲೆಲ್ಲಿಗೋ ಜಿಗಿಯುತ್ತದೆ.